ಬೇಸಿಗೆಯ ಬೆಂಕಿಗೆ ಡಿಸೆಂಬರ್‌ನಲ್ಲೇ ಕೆಲಸ

ಕಾಡ್ಗಿಚ್ಚು ಆರಿಸುವ ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ತುಂಬಾ ಪತ್ರಗಳು ಬಂದಿವೆ. ನಾನು 34 ವರ್ಷ ಕಾಡಿನ ಕೆಲಸದಲ್ಲಿದ್ದವನು. ಗಾರ್ಡ್ ಆಗಿ ಸೇರಿದೆ, ಉಪ ವಲಯ ಅರಣ್ಯಾಧಿಕಾರಿಯಾಗಿ 2020ರಲ್ಲಿ ನಿವೃತ್ತನಾದೆ. ಹೆಚ್ಚು ಕಾಲ ಕಳೆದದ್ದು ಮೈಸೂರು, ಚಾಮರಾಜನಗರ ಕಡೆಯ ಒಣ ಕಾಡುಗಳಲ್ಲಿ. ನಡುವೆ ಐದು ವರ್ಷ ಚಿಕ್ಕಮಗಳೂರಿನ ಬೆಟ್ಟಗಳಲ್ಲಿದ್ದೆ. ಕಂಡಿದ್ದನ್ನು, ಕೈಯಾರೆ ಮಾಡಿದ್ದನ್ನು ಹೇಳುತ್ತೇನೆ.

ಸರ್, ನಾನು ಪಿಯುಸಿ ಮುಗಿಸಿದ್ದೇನೆ. ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ಬೇಸಿಗೆ ಪೂರ್ತಿ ಬೆಂಕಿ ಹಿಂದೆ ಓಡುವುದೇ ಕೆಲಸ ಅಂತ ಊರಲ್ಲಿ ಹೆದರಿಸುತ್ತಾರೆ. ನಿಜವಾಗಿ ಏನೇನು ಮಾಡಬೇಕಾಗುತ್ತದೆ?
— ಹನೂರು ತಾಲ್ಲೂಕಿನ ಯುವಕ

ತಮ್ಮಾ, ಬೆಂಕಿ ಕೆಲಸ ಬೇಸಿಗೆಯಲ್ಲಿ ಶುರುವಾಗುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಶುರುವಾಗುವುದು ಮಳೆ ನಿಂತ ಮೇಲೆ. ನವೆಂಬರ್ ಕೊನೆಗೆ ಹುಲ್ಲು ಎದೆಮಟ್ಟ ನಿಂತಿರುತ್ತದೆ. ಆಗ ಫೈರ್ ಲೈನ್ ಕೆಲಸ. ಕಾಗದದಲ್ಲಿ ಬೆಂಕಿ ರೇಖೆ ಎಂದು ಬರೆಯುತ್ತೇವೆ, ಬಾಯಲ್ಲಿ ಎಲ್ಲರೂ ಲೈನ್ ಅಂತಲೇ ಹೇಳುತ್ತೇವೆ. ಕಾಡಿನ ಗಡಿಯಲ್ಲಿ, ರಸ್ತೆ ಪಕ್ಕ, ಒಂದು ಬ್ಲಾಕಿಗೂ ಇನ್ನೊಂದಕ್ಕೂ ನಡುವೆ, ಹುಲ್ಲು, ಲಂಟಾನ ಎಂಬ ಕಳೆಪೊದೆ ಎಲ್ಲವನ್ನೂ ಪಟ್ಟಿಯಾಗಿ ಕಡಿದು ಮಲಗಿಸುತ್ತೇವೆ. ಕೆಲವು ದಿನ ಒಣಗಲು ಬಿಡುತ್ತೇವೆ. ಸುತ್ತಲಿನ ಹುಲ್ಲಿನಲ್ಲಿ ಇನ್ನೂ ಪಸೆ ಇರುವಾಗಲೇ, ಗಾಳಿ ಇಲ್ಲದ ಹೊತ್ತು ನೋಡಿ, ಕಡಿದದ್ದನ್ನು ಸುಡುತ್ತೇವೆ. ಎರಡೂ ಅಂಚಿಗೆ ಹಸಿ ಸೊಪ್ಪು ಹಿಡಿದ ಜನ ನಿಂತಿರುತ್ತಾರೆ. ಈ ಕೆಲಸ ಡಿಸೆಂಬರ್, ಜನವರಿಯಲ್ಲಿ ಮುಗಿಯಬೇಕು. ತಡವಾದರೆ ಲೈನ್ ಸುಡಲು ಹಾಕಿದ ಬೆಂಕಿಯೇ ಕಾಡಿಗೆ ಹೋಗುತ್ತದೆ.

ಲೈನ್ ಸುಟ್ಟರೆ ಮುಗಿಯಿತು ಅಂದುಕೊಳ್ಳಬೇಡ. ಜನವರಿ, ಫೆಬ್ರವರಿಯಲ್ಲಿ ಎಲೆ ಉದುರುತ್ತದೆ. ತೇಗದ ಎಲೆ ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಮೂರು ದಿನ ಗಾಳಿ ಬೀಸಿದರೆ ನಿನ್ನ ಲೈನ್ ಮೇಲೆ ಹಾಸಿಗೆ ಹಾಸಿದ ಹಾಗೆ ಬಿದ್ದಿರುತ್ತದೆ. ಬೆಂಕಿ ಆ ಎಲೆ ಹಿಡಿದು ಈ ಕಡೆಯಿಂದ ಆ ಕಡೆಗೆ ನಡೆದುಕೊಂಡೇ ಬರುತ್ತದೆ. ಆದ್ದರಿಂದ ಗುಡಿಸಬೇಕು. ಮತ್ತೆ ಬಿದ್ದರೆ ಮತ್ತೆ ಗುಡಿಸಬೇಕು. ಕೆಲಸಕ್ಕೆ ಸೇರುವ ಹುಡುಗರಿಗೆ ಇದು ಯಾರೂ ಹೇಳುವುದಿಲ್ಲ. ಪೇಪರಿನಲ್ಲಿ ಫೋಟೊ ಬರುವುದು ಜ್ವಾಲೆಯದು. ಪೊರಕೆಯದು ಬರುವುದಿಲ್ಲ.

ಫೆಬ್ರವರಿಯಿಂದ ಮೊದಲ ಒಳ್ಳೆಯ ಮಳೆವರೆಗೆ ಕಾವಲು. ಫೈರ್ ವಾಚರ್‌ಗಳನ್ನು ಆ ಕೆಲವು ತಿಂಗಳಿಗೆ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಇವರಲ್ಲಿ ಹೆಚ್ಚಿನವರು ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು. ಒಬ್ಬರು ವಾಚ್ ಟವರ್ ಮೇಲೆ, ಉಳಿದವರು ಕ್ಯಾಂಪಿನಲ್ಲಿ ಇಲ್ಲವೇ ಗಸ್ತಿನಲ್ಲಿ. ಮೊಬೈಲಿಗೆ ಉಪಗ್ರಹದ ಸಂದೇಶವೂ ಬರುತ್ತದೆ. ಡೆಹ್ರಾಡೂನ್‌ನ ಫಾರೆಸ್ಟ್ ಸರ್ವೆ ಆಫ್ ಇಂಡಿಯಾ 2004ರಿಂದ ಉಪಗ್ರಹದ ಮೂಲಕ ಬೆಂಕಿ ಹುಡುಕಿ ತಿಳಿಸುತ್ತಿದೆ. ತುಂಬಾ ಉಪಯೋಗದ ಕೆಲಸ. ಆದರೆ ಈಗಿನ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 375 ಮೀಟರ್ ಅಗಲದ ಚೌಕ. ಅದರೊಳಗೆ ಬೆಂಕಿ ಎಲ್ಲಿದೆ ಅಂತ ನೀನೇ ಹೋಗಿ ನೋಡಬೇಕು. ಕೆಲವು ಸಲ ಅದು ಕಾಡಿನ ಬೆಂಕಿಯಲ್ಲ, ಗಡಿ ಆಚೆ ಯಾರೋ ಕಬ್ಬಿನ ತರಗು ಸುಟ್ಟಿರುತ್ತಾರೆ. ಮತ್ತೊಂದು ಮಾತು, ಉಪಗ್ರಹ ತನ್ನ ಹೊತ್ತಿಗೆ ಬರುತ್ತದೆ. ಟವರ್ ಮೇಲೆ ಕುಳಿತವನು ಹೊಗೆ ಎದ್ದ ತಕ್ಷಣ ನೋಡುತ್ತಾನೆ. ನನಗೆ ಇಂದಿಗೂ ಅವನ ಕಣ್ಣಿನ ಮೇಲೆ ನಂಬಿಕೆ ಜಾಸ್ತಿ.

ಬೆಂಕಿಗೆ ತಲೆ, ಪಕ್ಕೆ, ಬಾಲ ಇರುತ್ತವೆ. ಗಾಳಿ ಹೋಗುವ ದಿಕ್ಕಿಗೆ ಓಡುವುದು ತಲೆ. ಹೊಸಬರು ತಲೆಗೇ ಹೋಗಿ ಬಡಿಯುತ್ತಾರೆ. ತಪ್ಪು. ಬಾಲದಿಂದ ಹಿಡಿದು ಎರಡೂ ಪಕ್ಕೆ ಆರಿಸಿಕೊಂಡು ಮುಂದಕ್ಕೆ ಹೋಗಬೇಕು. ಸೊಪ್ಪಿನಿಂದ ಎತ್ತೆತ್ತಿ ಹೊಡೆಯಬಾರದು, ಕಿಡಿ ಹಾರಿ ಹಿಂದೆ ಬೀಳುತ್ತದೆ. ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಈಗ ಬ್ಲೋವರ್ ಬಂದಿದೆ. ಬೆನ್ನಿಗೆ ಕಟ್ಟಿಕೊಂಡು ಒಣ ಎಲೆಯನ್ನು ಬೆಂಕಿ ಕಡೆಗೇ ಊದುತ್ತಾ ಹೋದರೆ ಹತ್ತು ಜನರ ಕೆಲಸ ಆಗುತ್ತದೆ. ಬೆಂಕಿ ದೊಡ್ಡದಾದರೆ ಮುಂದೆ ಲೈನ್ ಇರುವ ಜಾಗಕ್ಕೆ ಹೋಗಿ, ಬರುವ ಬೆಂಕಿಗೆ ಸುಡಲು ಏನೂ ಉಳಿಯದ ಹಾಗೆ ಅಲ್ಲಿಂದ ಎದುರು ಬೆಂಕಿ ಕೊಡುತ್ತೇವೆ. ಅದನ್ನು ಹಿರಿಯರು ಮಾತ್ರ ಮಾಡಬೇಕು.

ಕೊನೆಗೆ ಜ್ವಾಲೆ ಹೋದ ಮೇಲಿನ ಕೆಲಸ. ಒಣ ಕೊರಡು, ಬೊಡ್ಡೆ, ಬಿದಿರು ಮೆಳೆಯ ಬುಡ, ಒಣಗಿದ ಆನೆ ಲದ್ದಿ, ಇವೆಲ್ಲ ಒಳಗೊಳಗೇ ಕೆಂಡ ಹಿಡಿದುಕೊಂಡು ಕೂತಿರುತ್ತವೆ. ಹಿಂಗೈ ಹತ್ತಿರ ಹಿಡಿದು ಬಿಸಿ ನೋಡಬೇಕು. ಒಂದು ಕೊರಡು ಬಿಟ್ಟು ಮನೆಗೆ ಬಂದರೆ ಮಾರನೆಯ ದಿನ ಮಧ್ಯಾಹ್ನದ ಗಾಳಿಗೆ ಎಲ್ಲ ಮೊದಲಿನಿಂದ.

ಗಾರ್ಡ್‌ಗೆ ಪಿಯುಸಿ ಸಾಕು, ಇಲಾಖೆಯ ಕಾಯಂ ವಾಚರ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ. ಓಟ, ಜಿಗಿತ ಎಲ್ಲ ಪರೀಕ್ಷೆ ಇರುತ್ತದೆ. ಮೈದಾನದಲ್ಲಿ ಓಡುವುದರ ಜೊತೆಗೆ, ನಿಮ್ಮೂರ ಗುಡ್ಡಕ್ಕೆ ಐದು ಲೀಟರ್ ನೀರಿನ ಕ್ಯಾನ್ ಹೊತ್ತು ದಿನಾ ಹತ್ತಿ ಇಳಿ. ಕೆಲಸಕ್ಕೆ ಬೇಕಾದ ಶಕ್ತಿ ಅದರಿಂದ ಬರುತ್ತದೆ. ಅರ್ಜಿ ಹಾಕು. ಒಳ್ಳೆಯ ಕೆಲಸ ಇದು.

ಅಣ್ಣಾ, ನನ್ನ ಮಗಳು ಎರಡು ವರ್ಷದಿಂದ ಗಾರ್ಡ್ ಆಗಿದ್ದಾಳೆ. ಶಿವರಾತ್ರಿ ಹತ್ತಿರ ಬಂತೆಂದರೆ ನನಗೆ ನಿದ್ದೆ ಬರುವುದಿಲ್ಲ. ಫೋನ್ ಮಾಡಿದರೆ ಸಿಗುವುದಿಲ್ಲ. ಜೀವಕ್ಕೆ ಅಪಾಯ ಇದೆಯಾ? ಸುಳ್ಳು ಸಮಾಧಾನ ಹೇಳಬೇಡಿ.
— ಹುಣಸೂರು ತಾಲ್ಲೂಕಿನ ತಾಯಿ

ಇಲ್ಲ ತಾಯಿ, ಸುಳ್ಳು ಹೇಳುವುದಿಲ್ಲ. ಅಪಾಯ ಇದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಗಾರ್ಡ್ ಒಬ್ಬರು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು ಸುಟ್ಟ ಗಾಯಗಳಿಂದ ಹೋದರು. ಸೆಪ್ಟೆಂಬರ್ 11ಕ್ಕೆ ಅರಣ್ಯ ಹುತಾತ್ಮರ ದಿನ ಬರುತ್ತದೆ. ಆ ಬೆಳಗ್ಗೆ ನಾನು ಇವರನ್ನು ನೆನೆದು ದೀಪ ಹಚ್ಚುತ್ತೇನೆ.

ನನ್ನದೂ ಒಂದು ದಿನ ಇತ್ತು. 1990ರ ದಶಕ. ಯಾವ ಕಾಡು ಎಂದು ಬರೆಯುವುದಿಲ್ಲ. ಬೆಟ್ಟದ ಇಳಿಜಾರು, ಕೆಳಗಡೆ ಬೆಂಕಿ, ಮೇಲೆ ನಾವು ನಾಲ್ಕು ಜನ. ಮೇಲೆ ನಿಂತು ಲೈನ್ ಕಡಿಯೋಣ ಎಂದು ಹೇಳಿದವನು ನಾನೇ. ಮಧ್ಯಾಹ್ನ ಎರಡು ಗಂಟೆಗೆ ಕೆಳಗಿನಿಂದ ಗಾಳಿ ಎದ್ದಿತು. ಬೆಂಕಿ ಬೆಟ್ಟ ಹತ್ತುವಾಗ ಮನುಷ್ಯನಿಗಿಂತ ಜೋರಾಗಿ ಹತ್ತುತ್ತದೆ. ಅದರ ಬಿಸಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿ ಇಟ್ಟಿರುತ್ತದೆ. ನಾನು ಮೇಲಕ್ಕೆ ಓಡಲು ತಿರುಗಿದೆ. ಆಗ ಜೊತೆಯಲ್ಲಿದ್ದ ಹಿರಿಯ ಸೋಲಿಗ ವಾಚರ್ ನನ್ನ ಅಂಗಿ ಹಿಡಿದು ಎಳೆದರು. “ಮ್ಯಾಲಕ್ಕೆ ಓಡ್ಬ್ಯಾಡಿ ಬುದ್ಧಿ, ಕರಿ ನೆಲಕ್ಕೆ ಬನ್ನಿ” ಎಂದರು. ಪಕ್ಕೆಯಲ್ಲಿ ಜ್ವಾಲೆ ಮೊಣಕಾಲಿಗಿಂತ ಕೆಳಗಿದ್ದ ಜಾಗ ನೋಡಿ, ಮುಖ ಮುಚ್ಚಿಕೊಂಡು ಒಂದೇ ಉಸಿರಿಗೆ ದಾಟಿದೆವು. ಆಚೆ ಸುಟ್ಟು ಕಪ್ಪಾದ ನೆಲ. ಅಲ್ಲಿ ಸುಡಲು ಏನೂ ಉಳಿದಿರಲಿಲ್ಲ. ಅಲ್ಲೇ ಕುಳಿತೆವು. ನಾವು ಒಂದು ನಿಮಿಷದ ಹಿಂದೆ ನಿಂತಿದ್ದ ಜಾಗ ಕಣ್ಣೆದುರೇ ಉರಿದು ಹೋಯಿತು.

ನನ್ನ ನೈಲಾನ್ ಕಾಲುಚೀಲ ಕರಗಿ ಹಿಮ್ಮಡಿಯ ಮೇಲೆ ಅಂಟಿತ್ತು. ಆ ಗುರುತು ಈಗಲೂ ಇದೆ. ನನ್ನ ಕಾಲಿಗೆ ಬೂಟು ಇತ್ತು. ಆ ಹಿರಿಯರ ಕಾಲಿಗೆ ಹವಾಯಿ ಚಪ್ಪಲಿ. ಪಾದ ಬೆಂದು ಮೂರು ವಾರ ನಡೆಯಲಾಗಲಿಲ್ಲ. ಅವರು ದಿನಗೂಲಿಯವರು. ಬಾರದ ದಿನಕ್ಕೆ ಕೂಲಿ ಇಲ್ಲ. ನನ್ನ ಜೀವ ಉಳಿಸಿದವರ ಮನೆಯಲ್ಲಿ ಮೂರು ವಾರ ಸಂಪಾದನೆ ಇರಲಿಲ್ಲ. ನಾವು ಮೂವರು ಸೇರಿ ರಾಗಿ, ಎಣ್ಣೆ ತಂದುಕೊಟ್ಟೆವು. ಅದು ನ್ಯಾಯ ಅಲ್ಲ ತಾಯಿ, ನಮ್ಮ ಕೈಲಾಗಿದ್ದು ಅಷ್ಟೇ. ಆಮೇಲೆ ನನ್ನ ಕೈಗೆ ಸ್ವಲ್ಪ ಅಧಿಕಾರ ಬಂದಾಗ, ಬೂಟಿಲ್ಲದ ವಾಚರ್‌ನನ್ನು ಬೆಂಕಿ ಹತ್ತಿರ ಬಿಡುವುದಿಲ್ಲ ಎಂದು ಹಟ ಹಿಡಿದೆ. ಅದಕ್ಕೆ ಕೆಲವರ ಸಿಟ್ಟನ್ನೂ ಕಟ್ಟಿಕೊಂಡೆ.

ನಿಮ್ಮ ಮಗಳಿಗೆ ಈ ಮಾತು ಹೇಳಿ. ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ನಿಲ್ಲಬೇಡ. ಕೆಲಸಕ್ಕೆ ಇಳಿಯುವ ಮುಂಚೆ ಕರಿ ನೆಲ ಎಲ್ಲಿದೆ, ಅಲ್ಲಿಗೆ ಹೋಗುವ ದಾರಿ ಯಾವುದು ಅಂತ ನೋಡಿಕೊ. ಒಬ್ಬಳೇ ಹೋಗಬೇಡ. ಒಳಗಿನ ಬಟ್ಟೆಯೂ ಹತ್ತಿಯದೇ ಇರಲಿ, ಮೈಗೆ ಅಂಟುವ ಪಾಲಿಯೆಸ್ಟರ್ ಬೇಡ. ಎರಡು ಬಾಟಲಿ ನೀರು, ಒಂದು ಉಂಡೆ ಬೆಲ್ಲ ಸದಾ ಚೀಲದಲ್ಲಿರಲಿ. ಹಿರಿಯ ವಾಚರ್ “ಬೇಡ” ಅಂದರೆ ಅಲ್ಲಿಗೆ ಬೇಡ. ಅವರು ಕೂಲಿಯವರು, ನಾನು ಗಾರ್ಡ್ ಎಂಬ ಲೆಕ್ಕ ಅಲ್ಲಿ ಇಲ್ಲ.

ಫೋನ್ ಸಿಗದೇ ಇರುವುದು ಕಾಡಿನಲ್ಲಿ ಸಾಮಾನ್ಯ. ಆದರೆ ಕ್ಯಾಂಪುಗಳಲ್ಲಿ ವೈರ್‌ಲೆಸ್ ಇರುತ್ತದೆ. ರೇಂಜ್ ಆಫೀಸಿನ ನಂಬರ್ ಮಗಳಿಂದ ಬರೆಸಿ ಇಟ್ಟುಕೊಳ್ಳಿ. ರಾತ್ರಿ ಒಂದು ಸಲ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ತಾಯಿಗೆ ಆ ಅನುಕೂಲ ಇರಲಿಲ್ಲ. ಊರಿನ ಜಗಲಿಯಲ್ಲಿ ಕುಳಿತು ಬೆಟ್ಟದ ಕೆಂಪು ನೋಡುತ್ತಿದ್ದರಂತೆ.

ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಹುಟ್ಟುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇವೆ. ಅದು ನಿಜವೇ?
— ಶಿರಸಿಯ ಶಿಕ್ಷಕಿ

ಮೇಡಂ, 34 ವರ್ಷದಲ್ಲಿ ಅಂಥ ಒಂದು ಬೆಂಕಿಯನ್ನೂ ನಾನು ನೋಡಿಲ್ಲ. ಜೊತೆಯ ಯಾರೂ ನೋಡಿಲ್ಲ. ನಮ್ಮಲ್ಲಿ ಕಾಡಿಗೆ ಬೀಳುವ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯಿಂದಲೇ. ಸಿಡಿಲು ಕಾರಣ ಆಗಬಹುದು, ಆದರೆ ನಮ್ಮ ಕಡೆ ಸಿಡಿಲು ಸಾಮಾನ್ಯವಾಗಿ ಮಳೆಯ ಜೊತೆಗೇ ಬರುತ್ತದೆ.

ಕಾರಣ ಹಲವು. ಹೊಸ ಹುಲ್ಲು ಚಿಗುರಲಿ ಎಂದು ದನದವರು ಹಾಕುತ್ತಾರೆ. ಉದುರಿದ ನೆಲ್ಲಿಕಾಯಿ ಕಾಣಲಿ ಎಂದು ಬುಡದ ತರಗು ಸುಡುತ್ತಾರೆ. ಜೇನು ಕೀಳುವ ಪಂಜಿನ ಕಿಡಿ, ದಾರಿಯಲ್ಲಿ ಎಸೆದ ಬೀಡಿ, ಹೊಲದ ಅಂಚಿನಲ್ಲಿ ಕಸ ಸುಟ್ಟದ್ದು. ಆನೆ ಬೆಳೆ ತಿಂದು ಪರಿಹಾರ ಬಾರದೇ ಸಿಟ್ಟಿನಿಂದ ಹಾಕಿದ್ದೂ ಇದೆ. ಈ ಕೊನೆಯದು ಕೇಸು ಹಾಕಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಹೋಗಿ ಅವರ ಜಗಲಿ ಮೇಲೆ ಕೂತು ಮಾತಾಡಬೇಕು. ನಾನು ಹಾಗೆ ಮಾಡಿದ ಹಳ್ಳಿಗಳಲ್ಲಿ ಬೆಂಕಿ ಕಡಿಮೆಯಾಗಿದ್ದನ್ನು ಕಂಡಿದ್ದೇನೆ.

ಮಕ್ಕಳಿಗೆ ಬಿದಿರಿನ ಮಾತು ಬಿಟ್ಟು ಇದನ್ನು ಹೇಳಿಕೊಡಿ. ಬಿದಿರಿನ ಮೇಲೆ ತಪ್ಪು ಹಾಕಿದರೆ ನಾವು ಮಾಡಬೇಕಾದ್ದು ಏನೂ ಇಲ್ಲ ಅಂತಾಗುತ್ತದೆ, ಅಲ್ವಾ?

ನಮ್ಮ ತಾತನ ಕಾಲದಲ್ಲಿ ವರ್ಷ ವರ್ಷ ತರಗು ಬೆಂಕಿ ಹಾಕುತ್ತಿದ್ದರು. ಆಗ ಕಾಡು ಚೆನ್ನಾಗಿತ್ತು, ಲಂಟಾನ ಇರಲಿಲ್ಲ. ಈಗ ಕಡ್ಡಿ ಗೀರಿದರೆ ಕೇಸು. ಕಾಡು ಲಂಟಾನ ತುಂಬಿ ಹಾಳಾಗಿದೆ. ಯಾರು ಸರಿ, ತಾತನೋ, ಇಲಾಖೆಯೋ?
— ಬಿಳಿಗಿರಿರಂಗನ ಬೆಟ್ಟದ ಸೋಲಿಗ ಓದುಗ

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯಬೇಕು.

ನಾನು ಕೆಲಸಕ್ಕೆ ಸೇರಿದಾಗ ಕಲಿಸಿದ್ದು ಒಂದೇ ಪಾಠ. ಕಾಡಿನಲ್ಲಿ ಬೆಂಕಿ ಕಂಡರೆ ಅದು ಶತ್ರು. ಆರಿಸು. ಯಾರು ಹಾಕಿದರು ಹುಡುಕು. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಾಕುವಂತಿಲ್ಲ. ನಿಮ್ಮ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು. ಹೀಗೆ ನಿಮ್ಮವರ ಬೆಂಕಿ ನಿಂತಿತು.

ತರಗು ಬೆಂಕಿ ಎಂದರೆ ಏನು ಅಂತ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನನ್ನ ಅಂಗಿ ಹಿಡಿದು ಎಳೆದರಲ್ಲ, ಅದೇ ಹಿರಿಯರು ಹೇಳಿದರು. ಬೇಸಿಗೆ ಬಲಿಯುವ ಮುಂಚೆಯೇ ಹಾಕುತ್ತಿದ್ದರಂತೆ. ನೆಲದಲ್ಲಿ ಇನ್ನೂ ತಂಪು ಇರುವಾಗ. ಬಿದ್ದ ತರಗು, ಒಣ ಹುಲ್ಲು ಮಾತ್ರ ಉರಿಯುತ್ತಿತ್ತು. ಮೊಣಕಾಲೆತ್ತರವೂ ಏಳುತ್ತಿರಲಿಲ್ಲ. ಕೂಸನ್ನು ಎತ್ತಿಕೊಂಡು ಹೆಂಗಸರು ಪಕ್ಕದಲ್ಲೇ ನಡೆದು ಹೋಗುತ್ತಿದ್ದರು ಎಂದರು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಮತ್ತಿ ಮರದ ತೊಗಟೆ ನೋಡಿ, ಮೊಸಳೆ ಚರ್ಮದ ಹಾಗೆ ದಪ್ಪ. ಅದು ಇಂಥ ಬೆಂಕಿಯನ್ನು ತಡೆದುಕೊಳ್ಳುತ್ತದೆ. ಲಂಟಾನದ ಎಳೆ ಸಸಿ ಸುಟ್ಟು ಹೋಗುತ್ತಿತ್ತು. ನೆಲ್ಲಿ ಮರಕ್ಕೆ ಹಿಡಿದು ಅದರ ರಸ ಹೀರುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಅಂತ ನಿಮ್ಮ ಹಿರಿಯರು ಹೇಳುತ್ತಾರೆ. ನಿಮ್ಮ ಬೆಟ್ಟದಲ್ಲಿ ಅಧ್ಯಯನ ಮಾಡಿದ ಏಟ್ರೀ ಸಂಸ್ಥೆಯವರು ಸಹ, ತರಗು ಬೆಂಕಿ ನಿಂತದ್ದಕ್ಕೂ ಲಂಟಾನ ಹಬ್ಬಿದ್ದಕ್ಕೂ ಇರುವ ನಂಟಿನ ಬಗ್ಗೆ ಬರೆದಿದ್ದಾರೆ.

ನಿಮ್ಮ ತಾತ ಸರಿ. ಇದನ್ನು ನಾನು ಕೆಲಸದಲ್ಲಿದ್ದಾಗ ಇಷ್ಟು ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೆ ನನಗೆ ಬೇಸರವಿದೆ.

ಆದರೆ ಅವರು ಬೆಂಕಿ ಹಾಕಿದ ಕಾಡು ಈಗ ಇಲ್ಲ. ಈಗಿನ ಲಂಟಾನ ಆಳೆತ್ತರ ದಾಟಿದೆ. ಮರಕ್ಕೆ ಹಬ್ಬಿ ಕೊಂಬೆವರೆಗೂ ಏರಿದೆ. ಅದರ ಕೆಳಗೆ ವರ್ಷಗಟ್ಟಲೆ ಬಿದ್ದ ಒಣ ಕಡ್ಡಿ ಇದೆ. ಬಿದಿರು ಹೂ ಬಿಟ್ಟು ಸತ್ತ ಕಡೆಗಳಲ್ಲಿ ಒಣ ಬೊಂಬು ರಾಶಿ ಬಿದ್ದಿದೆ. ಇಲ್ಲಿಗೆ ತಾತನ ತರಗು ಬೆಂಕಿಯನ್ನೇ ಹಾಕಿದರೂ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಏಣಿ ಸಿಕ್ಕ ಹಾಗೆ ಮರದ ತುದಿಗೆ ಹತ್ತುತ್ತದೆ. ಆಮೇಲೆ ಮಳೆ ಬಂದಾಗ ಮೊದಲು ಚಿಗುರುವುದೂ ಲಂಟಾನವೇ, ಬುಡದಿಂದ.

ನನ್ನ ಲೆಕ್ಕದಲ್ಲಿ ಮೊದಲು ಲಂಟಾನವನ್ನು ಬುಡಸಮೇತ ಕಿತ್ತು ಜಾಗ ಬಿಡಿಸಬೇಕು. ಆ ಜಾಗದಲ್ಲಿ ಹುಲ್ಲು ಬರಬೇಕು. ಆಮೇಲೆ ಸಣ್ಣ ಸಣ್ಣ ತುಂಡುಗಳಲ್ಲಿ, ನಿಮ್ಮ ಹಿರಿಯರು ಹೇಳಿದ ಹೊತ್ತಿಗೆ, ಇಲಾಖೆಯ ಸಿಬ್ಬಂದಿ ಜೊತೆಯಲ್ಲಿ ನಿಂತು ತರಗು ಬೆಂಕಿ ಹಾಕಿ ನೋಡಬೇಕು. 2011ರಲ್ಲಿ ನಿಮ್ಮ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಸಿಕ್ಕಿದೆ. ಈ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ, ಬರೆಸಿ, ಕಳಿಸಿ. ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು. ಯಾವ ಗಾಳಿಗೆ ಹಾಕಬೇಕು, ಯಾವ ಗಾಳಿಗೆ ಬಿಡಬೇಕು ಎಂಬುದು ಅವರ ತಲೆಯಲ್ಲಿದೆ. ಕಾಗದದ ಮೇಲೆ ಇಲ್ಲ.

ಅಲ್ಲಿಯವರೆಗೆ ಸುಮ್ನೆ ನೀವೇ ಕಡ್ಡಿ ಗೀರಬೇಡಿ. ಕೇಸಿನ ಭಯಕ್ಕೆ ಹೇಳುತ್ತಿಲ್ಲ. ಈಗಿನ ಕಾಡಿನಲ್ಲಿ ಅದನ್ನು ಹಿಡಿಯಲು ನಿಮ್ಮಿಂದಲೂ ಆಗುವುದಿಲ್ಲ, ನಮ್ಮಿಂದಲೂ ಆಗುವುದಿಲ್ಲ.

(ಇದು ಒಣ ಕಾಡಿನ ಮಾತು. ಚಿಕ್ಕಮಗಳೂರಿನ ಎತ್ತರದ ಹುಲ್ಲುಗಾವಲಿನ ಲೆಕ್ಕ ಬೇರೆ. ಅಲ್ಲಿ ಹುಲ್ಲು ಸುಟ್ಟರೂ ಮಳೆಗೆ ಮತ್ತೆ ಬರುತ್ತದೆ. ಆದರೆ ಕಣಿವೆಯ ಶೋಲಾ ಕಾಡಿನ ಅಂಚನ್ನು ಪ್ರತಿ ಬೆಂಕಿಯೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಆ ಮರಗಳ ತೊಗಟೆ ತೆಳು.)

ಬಂಡೀಪುರಕ್ಕೆ 2019ರಲ್ಲಿ ಬೆಂಕಿ ಬಿದ್ದಾಗ ಕೊನೆಗೆ ಹೆಲಿಕಾಪ್ಟರ್ ತರಿಸಿದರು. ಮೊದಲ ದಿನವೇ ತರಿಸಬಾರದಿತ್ತೇ? ಪ್ರತಿ ಸಲವೂ ಹಾಗೇ ಮಾಡಬಾರದೇ?
— ಬೆಂಗಳೂರಿನ ಓದುಗರು

ಆ ಫೆಬ್ರವರಿ ನನಗೆ ಚೆನ್ನಾಗಿ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ನಮ್ಮನ್ನೂ ಕರೆಸಿದ್ದರು. ಹತ್ತು ಸಾವಿರ ಎಕರೆಗೂ ಜಾಸ್ತಿ ಸುಟ್ಟಿತು. ಲಂಟಾನ ಒಣಗಿ ನಿಂತಿತ್ತು, ಗಾಳಿ ದಿಕ್ಕು ಬದಲಿಸುತ್ತಲೇ ಇತ್ತು. ಒಂದು ಕಡೆ ಆರಿಸಿ ತಿರುಗಿದರೆ ಇನ್ನೊಂದು ಕಡೆ ಹೊಗೆ. ವಾಯುಸೇನೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ತೂಗಿಕೊಂಡು ಬಂದು ಒಂದು ಸಲಕ್ಕೆ ಸಾವಿರಾರು ಲೀಟರ್ ನೀರು ಸುರಿದವು. ನಾಲ್ಕು ದಿನ ನಿದ್ದೆ ಇಲ್ಲದವರಿಗೆ ಆ ಸದ್ದು ಕೇಳಿಯೇ ಜೀವ ಬಂದಂತಾಯಿತು. ಕಡಿದಾದ ಇಳಿಜಾರಿಗೆ, ಮನುಷ್ಯ ಕಾಲಿಡಲಾಗದ ಜಾಗಕ್ಕೆ ಅದು ಬೇಕೇ ಬೇಕು.

ಆದರೆ ನೀರು ಬಿದ್ದ ಜಾಗ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ, ಅಷ್ಟೆ. ಬೊಡ್ಡೆಯ ಒಳಗಿನ ಕೆಂಡ ಹಾಗೇ ಇರುತ್ತದೆ. ಆ ಸಮಯ ಬಿಟ್ಟುಕೊಡದೆ ಕೆಳಗಿನವರು ಒಳಗೆ ನುಗ್ಗಿ ಆರಿಸಬೇಕು. ಕೆಳಗೆ ಜನ ಇಲ್ಲದಿದ್ದರೆ ಮೇಲಿನ ನೀರು ವ್ಯರ್ಥ. ಒಂದು ಹೆಲಿಕಾಪ್ಟರ್ ಹಾರಿಸುವ ಖರ್ಚಿನಲ್ಲಿ ಎಷ್ಟು ವಾಚರ್‌ಗಳನ್ನು ಡಿಸೆಂಬರ್‌ನಿಂದಲೇ ಇಟ್ಟುಕೊಳ್ಳಬಹುದು ಎಂದು ನಾನು ಆಗಲೂ ಯೋಚಿಸಿದ್ದೆ, ಈಗಲೂ ಯೋಚಿಸುತ್ತೇನೆ.

ಆ ವಾರ ಬೆಂಗಳೂರು, ಮೈಸೂರಿನಿಂದ ಎಷ್ಟೋ ಹುಡುಗ ಹುಡುಗಿಯರು ಸಹಾಯಕ್ಕೆ ಬಂದರು. ಅವರ ಮನಸ್ಸಿಗೆ ಕೈ ಮುಗಿಯುತ್ತೇನೆ. ಊಟ, ನೀರು, ಮಜ್ಜಿಗೆ ಹಂಚಿದ್ದು ದೊಡ್ಡ ಉಪಕಾರ. ಆದರೆ ತರಬೇತಿ ಇಲ್ಲದೆ ಬೆಂಕಿ ಹತ್ತಿರ ಬಂದವರನ್ನು ಕಾಯುವುದೇ ನಮಗೆ ಇನ್ನೊಂದು ಕೆಲಸವಾಯಿತು. ಬರುವವರು ಡಿಸೆಂಬರ್‌ನಲ್ಲಿ ಬನ್ನಿ. ವಲಯ ಕಚೇರಿಗೆ ಮೊದಲೇ ಹೇಳಿ, ಹಳ್ಳಿಗಳಲ್ಲಿ ಜನರೊಂದಿಗೆ ಮಾತಾಡಲು, ಲೈನ್ ಗುಡಿಸಲು ಬನ್ನಿ.

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟಾಗ ಹೊಗೆ ನಮ್ಮ ಮನೆವರೆಗೂ ಬಂದಿತ್ತು. ಇಲ್ಲಿ ಫಾರೆಸ್ಟ್ ಸರ್ವಿಸ್‌ನವರಿಗೆ 20 ಜನರ ಹಾಟ್‌ಶಾಟ್ ತಂಡಗಳು, ನೀರು ಸುರಿಯುವ ವಿಮಾನ, ಬೆಂಕಿ ತಡೆಯುವ ಹಳದಿ ಅಂಗಿ ಎಲ್ಲ ಇದೆ. ಆದರೂ ಊರು ಉಳಿಯಲಿಲ್ಲ. ಕರ್ನಾಟಕದಲ್ಲಿ ಇಂಥ ತಂಡ ಬೇಕೇ?
— ಸ್ಯಾಕ್ರಮೆಂಟೊ ಬಳಿಯ ಕನ್ನಡಿಗರು

ಪ್ಯಾರಡೈಸ್‌ನ ಸುದ್ದಿಯನ್ನು ನಾವೂ ಕ್ಯಾಂಪಿನಲ್ಲಿ ಕೂತು ಮಾತಾಡಿಕೊಂಡಿದ್ದೆವು. 85 ಜನ ಹೋದರು ಎಂದು ಓದಿ ಯಾರಿಗೂ ಮಾತು ಹೊರಡಲಿಲ್ಲ.

ನಿಮ್ಮ ಅಲ್ಲಿನ ಅರಣ್ಯದವರು 1935ರಲ್ಲಿ ಒಂದು ನಿಯಮ ಮಾಡಿಕೊಂಡಿದ್ದರು. ಯಾವ ಬೆಂಕಿ ಕಂಡರೂ ಮಾರನೆಯ ದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು. ಹತ್ತಾರು ವರ್ಷ ಹಾಗೇ ಮಾಡಿದರು. ಸಣ್ಣ ಬೆಂಕಿಗಳೆಲ್ಲ ಆರಿದವು, ಒಣ ಕಟ್ಟಿಗೆ ಮಾತ್ರ ಕಾಡಿನಲ್ಲಿ ಕೂಡುತ್ತಾ ಹೋಯಿತು. ಮಳೆ ಕೊರತೆ, ಬಿಸಿಲು, ಕಾಡಿನೊಳಗೇ ಮನೆ, ಬೇರೆ ಕಾರಣಗಳೂ ಇವೆ. ಆದರೆ ಆ ಪಾಠ ನಮಗೂ ಬೇಕು. ಅಲ್ಲಿನ ಕರುಕ್, ಯುರೋಕ್ ಎಂಬ ಮೂಲನಿವಾಸಿ ಜನರ ಹಿರಿಯರೂ ನಮ್ಮ ಸೋಲಿಗರ ಹಾಗೆ ಹೊತ್ತು ನೋಡಿ ಸಣ್ಣ ಬೆಂಕಿ ಹಾಕುತ್ತಿದ್ದವರು. ಅವರನ್ನೂ ತಡೆದಿದ್ದರು. ಈಗ ಮತ್ತೆ ಆ ಕೆಲಸ ಶುರುವಾಗಿದೆ. ನೀವು ಅಲ್ಲೇ ಇದ್ದೀರಿ, ಅವಕಾಶ ಸಿಕ್ಕರೆ ಹೋಗಿ ನೋಡಿ, ನಮಗೆ ಬರೆದು ಕಳಿಸಿ.

ತಂಡದ ಮಾತಿಗೆ ಬಂದರೆ, ಬೇಕು. ವಿಮಾನಕ್ಕಿಂತ ಮೊದಲು ಬೇಕಾದದ್ದು ವರ್ಷ ಪೂರ್ತಿ ಒಟ್ಟಿಗೇ ಇರುವ, ಒಬ್ಬರ ರೀತಿ ಇನ್ನೊಬ್ಬರಿಗೆ ಗೊತ್ತಿರುವ ಜನ. ನಮ್ಮ ಫೈರ್ ವಾಚರ್ ಜೂನ್‌ನಲ್ಲಿ ಕೆಲಸ ಬಿಟ್ಟು ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಾನೆ. ಮುಂದಿನ ವರ್ಷ ಅವನೇ ಬರುತ್ತಾನೆ ಅನ್ನುವ ಗ್ಯಾರಂಟಿ ಇಲ್ಲ. ಅವನ ಹತ್ತು ವರ್ಷದ ತಿಳಿವಳಿಕೆ ಹಾಗೇ ಹೋಗಿಬಿಡುತ್ತದೆ. ಬೂಟು, ಹತ್ತಿ ಬಟ್ಟೆ, ವಿಮೆ, ತಿಂಗಳಿಗೆ ಸರಿಯಾಗಿ ಕೈ ಸೇರುವ ಕೂಲಿ, ಇಷ್ಟು ಕೊಟ್ಟರೆ ಅವನು ಯಾವ ದೇಶದ ತಂಡಕ್ಕೂ ಕಡಿಮೆಯಿಲ್ಲ.

ಉಪಕರಣದಲ್ಲಿ ನಿಮ್ಮ ಕಡೆಯ ಪುಲಾಸ್ಕಿ ನನಗೆ ತುಂಬಾ ಇಷ್ಟ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. 1910ರ ದೊಡ್ಡ ಬೆಂಕಿಯಲ್ಲಿ ಇಡಾಹೋದ ಗಣಿ ಸುರಂಗವೊಂದಕ್ಕೆ ತನ್ನ ಜನರನ್ನು ನುಗ್ಗಿಸಿ, ಹೆಚ್ಚಿನವರ ಜೀವ ಉಳಿಸಿದ ರೇಂಜರ್ ಎಡ್ ಪುಲಾಸ್ಕಿಯ ಹೆಸರು ಅದಕ್ಕೆ. ನಮ್ಮ ಕಮ್ಮಾರರ ಹತ್ತಿರ ಅಂಥದ್ದೊಂದು ಮಾಡಿಸಿ ಬಳಸಿ ನೋಡಿದೆ. ಲಂಟಾನದ ಬುಡ ಕೀಳಲು ಚೆನ್ನಾಗಿ ಬರುತ್ತದೆ.

ಚಾರಣಕ್ಕೆ ಹೋದಾಗ ಬೆಂಕಿ ಕಂಡರೆ ಏನು ಮಾಡಬೇಕು?
— ದಾವಣಗೆರೆಯ ವಿದ್ಯಾರ್ಥಿ

ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಿಗದಿದ್ದರೆ 112. ಯಾವ ಬೆಟ್ಟ, ಯಾವ ಕಡೆಯ ಮುಖ, ಹೊಗೆ ಯಾವ ದಿಕ್ಕಿಗೆ ಹೋಗುತ್ತಿದೆ, ಇಷ್ಟು ಹೇಳಿ. ಫೋನಿನಲ್ಲಿರುವ ಲೊಕೇಶನ್ ಕಳಿಸಿದರೆ ಇನ್ನೂ ಒಳ್ಳೆಯದು. ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಬೆಂಕಿ ಕೆಳಗಿದ್ದರೆ ಅಡ್ಡಕ್ಕೆ ಸರಿದು, ಪಕ್ಕದ ದಾರಿಯಲ್ಲಿ ಇಳಿದುಬಿಡಿ. ಇನ್ನು ಬೆಟ್ಟದ ಮೇಲೆ ಒಲೆ ಹಚ್ಚಿ ನೂಡಲ್ಸ್ ಬೇಯಿಸುವುದು ಬೇಡವೇ ಬೇಡ. ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗಿ.

ಅಜ್ಜಾ, ಬೆಂಕಿ ಬಂದರೆ ಆನೆ ಓಡುತ್ತದೆ, ಜಿಂಕೆ ಓಡುತ್ತದೆ. ಆಮೆ ಏನು ಮಾಡುತ್ತದೆ?
— ಪಿರಿಯಾಪಟ್ಟಣದ ಆರನೇ ಕ್ಲಾಸ್ ಹುಡುಗಿ

ಮಗಳೇ, ಇದನ್ನು ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ದೊಡ್ಡ ಪ್ರಾಣಿಗಳು ಹೊಗೆ ವಾಸನೆಗೇ ದೂರ ಹೋಗುತ್ತವೆ. ಹಕ್ಕಿಗಳಲ್ಲಿ ಕಾಜಾಣ ಬೆಂಕಿಯ ಹತ್ತಿರಕ್ಕೇ ಬರುತ್ತದೆ. ಹೊಗೆಗೆ ಹೆದರಿ ಏಳುವ ಮಿಡತೆಗಳನ್ನು ಹಿಡಿದು ತಿನ್ನಲು. ಕಾಡುಕೋಳಿಗೆ ಕಷ್ಟ. ಅದು ನೆಲದ ಮೇಲೆ ಮೊಟ್ಟೆ ಇಡುತ್ತದೆ, ಅದೂ ಬೇಸಿಗೆ ತಿಂಗಳುಗಳಲ್ಲೇ. ತಾಯಿ ಹಾರಿ ಹೋಗಬಹುದು, ಮೊಟ್ಟೆ ಹೋಗಲಾರದು.

ಆಮೆ ಓಡಲಾರದು. ಹತ್ತಿರದಲ್ಲಿ ಬಿಲ ಇದ್ದರೆ ಹೊಕ್ಕುತ್ತದೆ. ಕಲ್ಲಿನ ಸಂದು ಸಿಕ್ಕರೆ ಅಲ್ಲಿ ಸೇರುತ್ತದೆ. ಏನೂ ಸಿಗದಿದ್ದರೆ ತಲೆ, ಕಾಲು ಒಳಗೆ ಎಳೆದುಕೊಂಡು ಕೂತುಬಿಡುತ್ತದೆ. ಬೆಂಕಿ ಆರಿದ ಮೇಲೆ ನಾವು ಸುಟ್ಟ ನೆಲದಲ್ಲಿ ಸಾಲಾಗಿ ನಡೆಯುತ್ತೇವೆ, ಕೆಂಡ ಹುಡುಕಲು. ಆಗ ನಕ್ಷತ್ರ ಆಮೆಯ ಚಿಪ್ಪು ಕಾಣುತ್ತದೆ. ಹೆಚ್ಚಿನ ಸಲ ಅದರೊಳಗೆ ಜೀವ ಇರುವುದಿಲ್ಲ. ನಿನಗೆ ನಿಜ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಒಂದು ಸಲ ಇತ್ತು. ಒಣಗಿದ ಹಳ್ಳದ ಕಲ್ಲಿನ ಕೆಳಗೆ, ಅಂಗೈಗಿಂತ ಸ್ವಲ್ಪ ದೊಡ್ಡ ಆಮೆ. ಚಿಪ್ಪು ಮುಟ್ಟಿದರೆ ಬಿಸಿ. ನನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿದೆ. ಹತ್ತು ನಿಮಿಷ ಏನೂ ಆಗಲಿಲ್ಲ. ವಾಚರ್‌ಗಳು ಊಟಕ್ಕೆ ಕರೆದರು, ನಾನು ಏಳಲಿಲ್ಲ. ಆಮೇಲೆ ಮೂಗಿನ ತುದಿ ಕಂಡಿತು. ಆಮೇಲೆ ಒಂದು ಕಾಲು. ಅಲ್ಲಿಂದ 20 ಅಡಿ ದೂರದಲ್ಲಿ ನಾವು ಡಿಸೆಂಬರ್‌ನಲ್ಲಿ ಕಡಿದು, ಎರಡು ಸಲ ಗುಡಿಸಿದ ಲೈನ್ ಇತ್ತು. ಲೈನಿನ ಆಚೆ ಹುಲ್ಲು ಸುಟ್ಟಿರಲಿಲ್ಲ. ಆಮೆ ಅತ್ತ ಕಡೆಗೇ ನಡೆಯಿತು. ತುಂಬಾ ಹೊತ್ತು ತೆಗೆದುಕೊಂಡಿತು. ಅದು ಹುಲ್ಲಿನೊಳಗೆ ಹೋಗುವವರೆಗೂ ನಾವು ಆರು ಜನ ಹಾಗೇ ನೋಡುತ್ತಾ ನಿಂತಿದ್ದೆವು.